ಎಂಟು ತಿಂಗಳ ವಿಶ್ವಸ್ಥರು

ದಿವಾಳಿಯಾದ ಅಂಗಡಿಯ ಲೆಕ್ಕವನ್ನು ಅದರ ಯಜಮಾನನೇ ಬರೆದು ಮುಂದಿಟ್ಟಾಗ ಸಾಲ ಕೊಟ್ಟವರು ಅದನ್ನು ಎರಡು ಸಲ ಓದುತ್ತಾರೆ. ಒಮ್ಮೆ ಬರೆದಿರುವ ಮೊತ್ತಗಳಿಗಾಗಿ, ಮತ್ತೊಮ್ಮೆ ಬರೆಯದೆ ಬಿಟ್ಟದ್ದಕ್ಕಾಗಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 1961ರಲ್ಲಿ ಹೊರತಂದ ‘ರಷ್ಯಾದ ತಾತ್ಕಾಲಿಕ ಸರ್ಕಾರ, 1917’ ಎಂಬ ಮೂರು ಸಂಪುಟಗಳ ದಾಖಲೆ ಸಂಗ್ರಹವು ಅಂತಹ ಒಂದು ಲೆಕ್ಕಪುಸ್ತಕ. ಅದರ ಸಂಪಾದಕರಲ್ಲಿ ಒಬ್ಬರು ರಾಬರ್ಟ್ ಪಾಲ್ ಬ್ರೌಡರ್ ಎಂಬ ಅಮೆರಿಕನ್ ಇತಿಹಾಸಕಾರರು. ಇನ್ನೊಬ್ಬರು ಆ ಸರ್ಕಾರದ ಕೊನೆಯ ಪ್ರಧಾನಮಂತ್ರಿ ಅಲೆಕ್ಸಾಂಡರ್ ಕೆರೆನ್ಸ್ಕಿಯವರೇ. 1917ರ ಮಾರ್ಚಿನಲ್ಲಿ ನ್ಯಾಯಮಂತ್ರಿ, ಮೇ ತಿಂಗಳಲ್ಲಿ ಯುದ್ಧಮಂತ್ರಿ, ಜುಲೈನಲ್ಲಿ 36ನೆಯ ವಯಸ್ಸಿಗೇ ಪ್ರಧಾನಮಂತ್ರಿಯಾದ ಇವರು ಅಕ್ಟೋಬರ್ 25ರ ಬೆಳಿಗ್ಗೆ ಮೋಟಾರಿನಲ್ಲಿ ಚಳಿಗಾಲದ ಅರಮನೆಯನ್ನು ಬಿಟ್ಟು ಹೊರಟರು. ಆಮೇಲೆ ಅರ್ಧ ಶತಮಾನಕ್ಕೂ ಮಿಕ್ಕಿ ಬದುಕಿ 1970ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಹೆಂಗಸಿನ ಉಡುಪಿನಲ್ಲಿ ಓಡಿಹೋದರೆಂಬ ಕಟ್ಟುಕತೆ ಅವರನ್ನು ಬದುಕಿನುದ್ದಕ್ಕೂ ಬೆನ್ನಟ್ಟಿತು. ಐಸೆನ್‌ಸ್ಟೀನರ ‘ಅಕ್ಟೋಬರ್’ ಚಲನಚಿತ್ರವು 1928ರಲ್ಲಿ ಅವರನ್ನು ಯಂತ್ರದ ನವಿಲೊಂದರ ಪಕ್ಕದಲ್ಲಿಟ್ಟು ತೋರಿಸಿ ನಗೆಪಾಟಲು ಮಾಡಿತು. ಇಂತಹ ಅಪಹಾಸ್ಯಕ್ಕೆ ದಾಖಲೆಗಳಿಂದ ಉತ್ತರ ಕೊಡಹೊರಟ ಮುದುಕನ ಪ್ರಯತ್ನವನ್ನು ಯಾರೂ ಹಗುರವಾಗಿ ಕಾಣಲಾಗದು.

ಆ ಸರ್ಕಾರ ಹುಟ್ಟಿದ ಬಗೆಯನ್ನು ಮೊದಲು ಸ್ಮರಿಸಿಕೊಳ್ಳಬೇಕು. (ಇಲ್ಲಿಯ ರಷ್ಯದ ತಾರೀಖುಗಳೆಲ್ಲ ಆಗ ಆ ದೇಶದಲ್ಲಿ ರೂಢಿಯಲ್ಲಿದ್ದ ಹಳೆಯ ಪಂಚಾಂಗದವು; ಇಂದಿನ ಎಣಿಕೆಗೆ ಹದಿಮೂರು ದಿನ ಕೂಡಿಸಿಕೊಳ್ಳಬೇಕು.) 1917ರ ಫೆಬ್ರವರಿ 23ರಂದು ರಾಜಧಾನಿ ಪೆತ್ರೋಗ್ರಾದ್‌ನಲ್ಲಿ ರೊಟ್ಟಿಗಾಗಿ ಬೀದಿಗಿಳಿದ ಹೆಂಗಸರ ಕೂಗು ನಾಲ್ಕೇ ದಿನಗಳಲ್ಲಿ ಸೈನಿಕರ ದಂಗೆಯಾಗಿ ಬೆಳೆಯಿತು. ಮಾರ್ಚ್ 2ರಂದು ಚಕ್ರವರ್ತಿ ಎರಡನೆಯ ನಿಕೊಲಾಸ್ ತನ್ನ ಪರವಾಗಿಯೂ ಮಗನ ಪರವಾಗಿಯೂ ಸಿಂಹಾಸನ ತ್ಯಜಿಸಿ ತಮ್ಮನಾದ ಮಿಖಾಯಿಲನಿಗೆ ಅದನ್ನು ಬಿಟ್ಟುಕೊಟ್ಟ. ಮರುದಿನ ಮಿಖಾಯಿಲನೂ ಬೇಡವೆಂದ. ಅಂದು ಅವನ ಸಹಿಗೆ ಸಿದ್ಧವಾದ ಒಂದು ಚಿಕ್ಕ ಕಾಗದವೇ ಆ ಸರ್ಕಾರದ ಅಧಿಕಾರಕ್ಕೆ ಆಧಾರ. ಅದನ್ನು ರಚಿಸಿದ ನ್ಯಾಯವಿದರಲ್ಲಿ ವ್ಲಾದಿಮಿರ್ ನಬೋಕೋವ್ ಒಬ್ಬರು. ಆ ಮನೆಯ ಚಿಕ್ಕ ಮಗಳು ಪಾಠ ಓದುವ ಮೇಜಿನ ಮುಂದೆ ಕುಳಿತು ಬರೆದೆವೆಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ.

ಆ ಕಾಗದವನ್ನು ನ್ಯಾಸಪತ್ರವೆಂದು ಓದಬೇಕು. ಅದರಲ್ಲಿ ತಾತ್ಕಾಲಿಕ ಸರ್ಕಾರಕ್ಕೆ ಸಕಲಾಧಿಕಾರವೂ ಸಂದಿದೆ. ಆದರೆ ಸಾರ್ವತ್ರಿಕ, ನೇರ, ಸಮಾನ ಹಾಗೂ ಗುಪ್ತ ಮತದಾನದಿಂದ ಆಯ್ಕೆಯಾದ ಸಂವಿಧಾನ ಸಭೆಯು ರಾಜ್ಯದ ಸ್ವರೂಪವನ್ನು ನಿರ್ಣಯಿಸುವ ತನಕ ಮಾತ್ರ. ಆ ಸಭೆಯನ್ನು ಸಾಧ್ಯವಾದಷ್ಟು ಬೇಗ ಕರೆಯತಕ್ಕದ್ದೆಂಬ ಷರತ್ತೂ ಅಲ್ಲಿಯೇ ಇದೆ. ಸರ್ಕಾರದ ಮೊದಲ ಘೋಷಣೆಯ ಎಂಟು ಅಂಶಗಳಲ್ಲಿಯೂ ಸಂವಿಧಾನ ಸಭೆಯ ಸಿದ್ಧತೆಯನ್ನು ತಕ್ಷಣ ಆರಂಭಿಸುವ ಮಾತಿದೆ. ಯುದ್ಧದ ಮಾತಾಗಲಿ ಜಮೀನಿನ ಮಾತಾಗಲಿ ಆ ಎಂಟರಲ್ಲಿ ಇಲ್ಲ. ಹೊರಬೇಕಾದ ಹೊರೆ ಯಾವುದು, ಮುಟ್ಟಬಾರದ ಗಂಟು ಯಾವುದು ಎಂಬುದರಲ್ಲಿ ಮೊದಲ ದಿನ ಯಾರಿಗೂ ಸಂದೇಹವಿರಲಿಲ್ಲ.

ಸಂಪಾದಕರು ಪ್ರಾಮಾಣಿಕರು. ಸರ್ಕಾರದ ಆಜ್ಞೆಗಳ ಪಕ್ಕದಲ್ಲಿಯೇ ವಿರೋಧಿ ಪತ್ರಿಕೆಗಳ ಸಂಪಾದಕೀಯಗಳು, ಕಾರ್ಮಿಕ-ಸೈನಿಕರ ಪ್ರತಿನಿಧಿ ಸಭೆಯಾದ ಸೋವಿಯತ್ತಿನ ನಿರ್ಣಯಗಳು, ಮಂತ್ರಿಗಳ ರಾಜೀನಾಮೆ ಪತ್ರಗಳು ಇವೆಲ್ಲಕ್ಕೂ ಜಾಗ ಕೊಟ್ಟಿದ್ದಾರೆ. ಆ ಅಲ್ಪಕಾಲದಲ್ಲಿ ನಡೆದ ಒಳ್ಳೆಯ ಕೆಲಸಗಳೂ ಕಣ್ಣಿಗೆ ಬೀಳುತ್ತವೆ. ಮಾರ್ಚ್ 12ಕ್ಕೆ ಮರಣದಂಡನೆ ರದ್ದಾಯಿತು. ಮಾರ್ಚ್ 20ಕ್ಕೆ ಮತ, ಜನಾಂಗಗಳ ಆಧಾರದ ಮೇಲಿದ್ದ ನಿರ್ಬಂಧಗಳು ತೊಲಗಿ, ಲಕ್ಷಾಂತರ ಯಹೂದಿಗಳು ತಮಗಿಷ್ಟವಾದ ಊರಿನಲ್ಲಿ ನೆಲೆಸುವ ಹಕ್ಕು ಪಡೆದರು. ಹೆಂಗಸರಿಗೆ ಮತದಾನದ ಹಕ್ಕು ದೊರೆಯಿತು. ಇಷ್ಟನ್ನು ಎಂಟು ತಿಂಗಳಲ್ಲಿ ಮಾಡಿದ ಸರ್ಕಾರಗಳು ವಿರಳ.

ಆದರೆ ಗ್ರಂಥದ ರಚನೆಯಲ್ಲೇ ಒಂದು ದೋಷವಿದೆ. ದಾಖಲೆಗಳನ್ನು ವಿಷಯವಾರು ವಿಂಗಡಿಸಲಾಗಿದೆ: ಕಾನೂನು ಒಂದು ಕಡೆ, ಜಮೀನು ಒಂದು ಕಡೆ, ಹಣಕಾಸು ಒಂದು ಕಡೆ, ಯುದ್ಧ ಮತ್ತೊಂದು ಕಡೆ. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ ಇದು ಖತಾವಣಿ, ಕಿರ್ದಿಯಲ್ಲ. ಖತಾವಣಿಯಲ್ಲಿ ಪ್ರತಿಯೊಂದು ಖಾತೆಯೂ ತನ್ನಷ್ಟಕ್ಕೆ ತಾನು ಶುದ್ಧವಾಗಿ ಕಾಣುತ್ತದೆ. ಎಡಗೈಯಿಂದ ಸಾಲ ತಂದ ದಿನವೇ ಬಲಗೈಯಿಂದ ದಾನ ಕೊಟ್ಟದ್ದು ಗೊತ್ತಾಗಬೇಕಾದರೆ ದಿನದ ಕಿರ್ದಿಯನ್ನೇ ತೆರೆಯಬೇಕು. ಜಮೀನಿನ ಅಧ್ಯಾಯ ಓದಿದವನಿಗೆ ‘ಇದು ಸಂವಿಧಾನ ಸಭೆಗೆ ಬಿಟ್ಟ ವಿಷಯ, ನಮಗೆ ಅಧಿಕಾರವಿಲ್ಲ’ ಎಂಬ ಸರ್ಕಾರದ ವಿನಯ ಮೆಚ್ಚುಗೆಯಾಗುತ್ತದೆ. ಯುದ್ಧದ ಅಧ್ಯಾಯ ಓದಿದವನಿಗೆ ಮಿತ್ರರಾಷ್ಟ್ರಗಳಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಛಲ ಮೆಚ್ಚುಗೆಯಾಗುತ್ತದೆ. ವಿನಯ, ಛಲ ಎರಡೂ ಒಂದೇ ವಾರದಲ್ಲಿ, ಒಂದೇ ಮಂತ್ರಿಮಂಡಲದಲ್ಲಿ ಇದ್ದವೆಂಬುದು ಎರಡೂ ಅಧ್ಯಾಯಗಳಲ್ಲಿ ಮರೆಯಾಗುತ್ತದೆ.

ಆದ್ದರಿಂದ ವಾಚಕನು ತಾನೇ ಕಾಗದ-ಲೇಖನಿ ಹಿಡಿದು ತಾರೀಖಿನ ಪ್ರಕಾರ ಮರಳಿ ಬರೆದುಕೊಳ್ಳಬೇಕಾಗುತ್ತದೆ. ಹಾಗೆ ಬರೆದುಕೊಂಡಾಗ ಗ್ರಂಥದ ಮುಖವೇ ಬದಲಾಗುತ್ತದೆ. ಚುನಾವಣಾ ಕಾನೂನು ರಚಿಸಬೇಕಾಗಿದ್ದ ವಿಶೇಷ ಮಂಡಳಿಯು ತನ್ನ ಮೊದಲ ಸಭೆ ಸೇರಿದ್ದು ಮೇ 25ರಂದು. ‘ತಕ್ಷಣ’ ಎಂಬ ಮಾತಿಗೂ ಮೊದಲ ಸಭೆಗೂ ನಡುವೆ ಹನ್ನೆರಡು ವಾರಗಳು ಸಂದಿದ್ದವು. ಜೂನ್ 14ರಂದು ಸರ್ಕಾರ ಕೊನೆಗೂ ಒಂದು ವಾಯಿದೆ ಹೇಳಿತು: ಸೆಪ್ಟೆಂಬರ್ 17ಕ್ಕೆ ಚುನಾವಣೆ, 30ಕ್ಕೆ ಸಭೆಯ ಆರಂಭ. ಅದಾದ ನಾಲ್ಕನೆಯ ದಿನ, ಜೂನ್ 18ರಂದು, ಯುದ್ಧಮಂತ್ರಿ ಕೆರೆನ್ಸ್ಕಿಯವರ ಆಜ್ಞೆಯ ಮೇರೆಗೆ ಗಲೀಶಿಯಾ ಪ್ರಾಂತದಲ್ಲಿ ರಷ್ಯದ ಸೈನ್ಯ ದೊಡ್ಡ ದಾಳಿಯನ್ನು ಆರಂಭಿಸಿತು. ಮೊದಲ ದಿನಗಳಲ್ಲಿ ಮುನ್ನಡೆ ಸಿಕ್ಕಿತಾದರೂ ಜುಲೈ ಮೊದಲ ವಾರದಲ್ಲಿ ಜರ್ಮನರ ಪ್ರತಿದಾಳಿಗೆ ಸೈನ್ಯ ಚದುರಿಹೋಯಿತು. ದೇಶಕ್ಕೆ ವಾಯಿದೆ ಹೇಳಿದ ವಾರದಲ್ಲೇ ದೇಶದ ಬಂಡವಾಳವನ್ನೆಲ್ಲ ಒಂದು ಪಂಥಕ್ಕೆ ಒಡ್ಡಿದಂತಾಯಿತು.

ದಾಳಿ ಮಾಡಬೇಕಿತ್ತೇ, ಬೇಡವಾಗಿತ್ತೇ ಎಂಬುದು ಸೇನಾಶಾಸ್ತ್ರದ ಪ್ರಶ್ನೆ. ವಿಮರ್ಶಕನು ಕೇಳಬೇಕಾದದ್ದು ಬೇರೆ. ಹಳ್ಳಿಯ ರೈತನು ಜಮೀನ್ದಾರನ ಪಾಳುಬಿದ್ದ ಹೊಲವನ್ನು ಕೇಳಿದಾಗ ‘ಸಭೆ ಸೇರುವವರೆಗೆ ತಾಳು’ ಎಂದ ಸರ್ಕಾರ, ಅದೇ ರೈತನ ಮಗನ ಪ್ರಾಣವನ್ನು ಕೇಳುವಾಗ ಸಭೆಗಾಗಿ ತಾನೇಕೆ ತಾಳಲಿಲ್ಲ? ಜಮೀನಿನ ಹಂಚಿಕೆ ಸಂವಿಧಾನ ಸಭೆಯ ಸೊತ್ತಾದರೆ ಲಕ್ಷಾಂತರ ಸೈನಿಕರನ್ನು ಹೊಸ ದಾಳಿಗೆ ನೂಕುವ ನಿರ್ಧಾರ ಯಾರ ಸೊತ್ತು? ವಿಶ್ವಸ್ಥನಾದವನು ಮನೆಯ ಹಂಚು ಬದಲಿಸಲು ಅಧಿಕಾರವಿಲ್ಲವೆಂದು ಸುಮ್ಮನಿದ್ದು, ಮನೆಯನ್ನೇ ಜೂಜಿಗೆ ಒಡ್ಡಿದರೆ ಅವನ ಸಂಕೋಚವನ್ನು ಧರ್ಮಬುದ್ಧಿಯೆಂದು ಕರೆಯಲಾಗದು. ಮೂರು ಸಂಪುಟಗಳಲ್ಲಿ ಎಲ್ಲಿಯೂ ಸಂಪಾದಕರು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದಿಲ್ಲ.

ಜುಲೈ 12ನ್ನು ನೋಡಬಹುದು. ಅಂದು ಸಮರಾಂಗಣದಲ್ಲಿ ಮರಣದಂಡನೆ ಮರಳಿ ಬಂದಿತು. ಸರಿಯಾಗಿ ನಾಲ್ಕು ತಿಂಗಳ ಹಿಂದೆ ಇದೇ ಸರ್ಕಾರ ಅದನ್ನು ರದ್ದುಮಾಡಿ ಲೋಕದ ಪ್ರಶಂಸೆ ಪಡೆದಿತ್ತು. ಅದೇ ದಿನ ಕೃಷಿಮಂತ್ರಿ ವಿಕ್ತೋರ್ ಚೆರ್ನೋವ್ ಬಹುಕಾಲದಿಂದ ಒತ್ತಾಯಿಸುತ್ತಿದ್ದ ಒಂದು ಚಿಕ್ಕ ಕಟ್ಟಳೆಗೂ ಒಪ್ಪಿಗೆ ಸಿಕ್ಕಿತು: ಸಭೆ ಸೇರುವ ಮುನ್ನ ಜಮೀನನ್ನು ಪರಭಾರೆ ಮಾಡಿ ಕೈತೊಳೆದುಕೊಳ್ಳುವುದಕ್ಕೆ ನಿರ್ಬಂಧ. ಜಮೀನಿನ ವಿಷಯದಲ್ಲಿ ಇದಕ್ಕಿಂತ ಮುಂದೆ ಹೋಗಲು ಅವರಿಂದಾಗಲಿಲ್ಲ. ಒಂದೇ ಪುಟದಲ್ಲಿ ಬರಬೇಕಾಗಿದ್ದ ಈ ಎರಡು ಆಜ್ಞೆಗಳು ಗ್ರಂಥದಲ್ಲಿ ಬೇರೆಬೇರೆ ವಿಭಾಗಗಳಲ್ಲಿ ದೂರದೂರ ಬಿದ್ದಿವೆ.

ಮೊದಲ ಪ್ರಧಾನಿ ರಾಜಕುಮಾರ ಲ್ವೋವ್ ಅವರಿಗಾದರೂ ಈ ವಿರೋಧ ಹೊಳೆದಂತಿದೆ. ಜುಲೈ 7ರಂದು ಅವರು ಅಧಿಕಾರ ಬಿಟ್ಟಾಗ ಕೊಟ್ಟ ಕಾರಣಗಳಲ್ಲಿ ಚೆರ್ನೋವ್ ಅವರ ಜಮೀನು ನೀತಿಯೂ ಸಂವಿಧಾನ ಸಭೆಗೆ ಮುಂಚೆಯೇ ಗಣರಾಜ್ಯ ಘೋಷಿಸುವ ಯೋಚನೆಯೂ ಸೇರಿದ್ದವು. ಅಧಿಕಾರ ಮೀರಬಾರದೆಂಬ ಅವರ ಹಟದಲ್ಲಿ ಕೊನೇ ಪಕ್ಷ ಒಂದು ಸುಸಂಗತಿ ಇತ್ತು. ಆದರೂ ಜೂನಿನ ದಾಳಿಗೆ ಅವರ ಮಂತ್ರಿಮಂಡಲವೇ ಸಮ್ಮತಿಸಿತ್ತು. ಕೆರೆನ್ಸ್ಕಿಯವರಾದರೋ ಸೆಪ್ಟೆಂಬರ್ 1ರಂದು, ಸೇನಾಪತಿ ಕೊರ್ನೀಲೋವನ ಪ್ರಕರಣದ ಬೆನ್ನಿಗೆ, ಯಾವ ಸಭೆಯನ್ನೂ ಕೇಳದೆ ರಷ್ಯವನ್ನು ಗಣರಾಜ್ಯವೆಂದು ಘೋಷಿಸಿಬಿಟ್ಟರು. ರಾಜ್ಯದ ಸ್ವರೂಪವನ್ನು ನಿರ್ಣಯಿಸುವುದೇ ಆ ಸಭೆಗೆ ಮೀಸಲಾಗಿದ್ದ ಕೆಲಸ. ಅದನ್ನು ಒಂದು ಆಜ್ಞೆಯಿಂದ ಮುಗಿಸಿದವರು ಜಮೀನಿನ ಪ್ರಶ್ನೆ ಬಂದಾಗ ಮಾತ್ರ ಮತ್ತೆ ನ್ಯಾಸಪತ್ರವನ್ನು ತೋರಿಸಿದರು.

ಹಣಕಾಸಿನ ಭಾಗ ಸಾಮಾನ್ಯ ಇತಿಹಾಸಕಾರರು ವೇಗವಾಗಿ ದಾಟುವ ಭಾಗ. ವರ್ತಕನಾದವನು ಅಲ್ಲಿ ನಿಂತು ಓದಬೇಕು. ಮಾರ್ಚ್ 25ರಂದು ಸರ್ಕಾರ ಧಾನ್ಯದ ವ್ಯಾಪಾರವನ್ನೆಲ್ಲ ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡು ದರ ಗೊತ್ತುಮಾಡಿತು. ಆಗಸ್ಟ್ ಮೊದಲಿಗೆ, ಈ ದರವನ್ನು ಏರಿಸುವುದಿಲ್ಲವೆಂದು ಬಹಿರಂಗವಾಗಿ ಸಾರಿತು. ಅದೇ ತಿಂಗಳ 27ಕ್ಕೆ ದರವನ್ನು ಇಮ್ಮಡಿ ಮಾಡಿತು. ಇದರ ಫಲವೇನೆಂಬುದನ್ನು ಯಾವ ಮಂಡಿಯ ಗುಮಾಸ್ತನಾದರೂ ಹೇಳಬಲ್ಲ: ಸರ್ಕಾರದ ಮಾತನ್ನು ನಂಬಿ ಬೇಗ ಮಾರಿದ ರೈತ ಅರ್ಧ ಬೆಲೆಗೆ ಮಾರಿದವನಾದ, ಮಾತನ್ನು ನಂಬದೆ ಕಣಜ ಮುಚ್ಚಿಟ್ಟವನು ಇಮ್ಮಡಿ ಪಡೆದ. ನಂಬಿದವನಿಗೆ ದಂಡ, ನಂಬದವನಿಗೆ ಬಹುಮಾನ. ಆಹಾರಮಂತ್ರಿ ಪೆಷೆಖೋನೋವ್ ಇದನ್ನು ಸಹಿಸದೆ ಹುದ್ದೆ ತ್ಯಜಿಸಿದರು. ಅವರ ಹೆಸರು ಇಂದು ಯಾರ ನೆನಪಿನಲ್ಲಿಯೂ ಇಲ್ಲ. ಕೊರ್ನೀಲೋವನ ಹೆಸರು ಎಲ್ಲರ ನೆನಪಿನಲ್ಲಿದೆ. ಎರಡು ಘಟನೆಗಳೂ ಒಂದೇ ವಾರದವು.

ನೋಟಿನ ಕತೆಯೂ ಇಂಥದೇ. ಮಾರ್ಚಿನಲ್ಲಿ ‘ಸ್ವಾತಂತ್ರ್ಯ ಸಾಲ’ವೆಂಬ ಹೆಸರಿನಲ್ಲಿ ಸಾಲಪತ್ರಗಳನ್ನು ಹೊರಡಿಸಿದರೂ ಬಂದ ಹಣ ಯುದ್ಧದ ವೆಚ್ಚಕ್ಕೆ ಸಾಲದಾಯಿತು, ಅಚ್ಚುಯಂತ್ರವೇ ಗತಿಯಾಯಿತು. ಎಂಟು ತಿಂಗಳಲ್ಲಿ ಚಲಾವಣೆಯಲ್ಲಿದ್ದ ಕಾಗದದ ಹಣ ಸುಮಾರು ಎರಡರಷ್ಟಾಯಿತು. ಶರತ್ಕಾಲಕ್ಕೆ ಜನರ ಕೈಸೇರಿದ 20 ಮತ್ತು 40 ರೂಬಲ್ಲುಗಳ ಚಿಕ್ಕ ನೋಟುಗಳನ್ನು ಜನ ‘ಕೆರೆಂಕಿ’ ಎಂದು ಕರೆದರು. ಅವಕ್ಕೆ ಸಂಖ್ಯೆಯಿಲ್ಲ, ಸಹಿಯಿಲ್ಲ, ಹೊರಡಿಸಿದ ವರ್ಷವೂ ಇಲ್ಲ. ಕತ್ತರಿಸದ ಹಾಳೆಗಳಾಗಿಯೇ ಬರುತ್ತಿದ್ದವು, ಬೇಕಾದಷ್ಟನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತಿದ್ದರು. ಯಾರೂ ಸಹಿ ಹಾಕದ, ತಾರೀಖಿಲ್ಲದ ಪತ್ರವನ್ನು ಹಣವೆಂದು ಹಂಚಿದ ಆ ಸರ್ಕಾರವನ್ನು ತಿಳಿಯಲು ಅದರ ಭಾಷಣಗಳಿಗಿಂತ ಆ ಹಾಳೆ ಹೆಚ್ಚು ನೆರವಾಗುತ್ತದೆ.

ಈ ಸಂಗ್ರಹದ ಜೊತೆಗಿಟ್ಟು ಓದಬೇಕಾದ ಪುಸ್ತಕ ಸುಖಾನೋವ್ ಅವರ ನೆನಪುಗಳು. ಅರ್ಥಶಾಸ್ತ್ರಜ್ಞರಾದ ಇವರು ಸೋವಿಯತ್ತಿನ ಕಾರ್ಯಕಾರಿ ಸಮಿತಿಯಲ್ಲಿದ್ದು, ತಾತ್ಕಾಲಿಕ ಸರ್ಕಾರದ ರಚನೆಯ ಮಾತುಕತೆಯಲ್ಲಿಯೂ ಪಾಲುಗೊಂಡವರು. ಏಳು ಸಂಪುಟಗಳ ಮೂಲವನ್ನು ಜೋಯಲ್ ಕಾರ್ಮೈಕಲ್ 1955ರಲ್ಲಿ ಸಂಗ್ರಹಿಸಿ ಇಂಗ್ಲಿಷಿಗೆ ತಂದರು. ಇದು ನಿಜವಾದ ಕಿರ್ದಿ. ದಿನದಿನದ ನಡೆನುಡಿ, ಯಾರು ಯಾವ ಕೋಣೆಯಲ್ಲಿ ಕುಳಿತಿದ್ದರು, ಯಾರು ನಿದ್ದೆಗೆಟ್ಟಿದ್ದರು ಎಂಬುದೆಲ್ಲ ಇದೆ. ಆದರೆ ಕಿರ್ದಿ ಬರೆಯುವವನಿಗೂ ಕಣ್ತಪ್ಪುವುದುಂಟು. ಬಂಡಾಯವೇಳಬೇಕೆಂದು ಬೋಲ್ಶೆವಿಕ್ ಕೇಂದ್ರ ಸಮಿತಿ ಅಕ್ಟೋಬರ್ 10ರ ರಾತ್ರಿ ನಿರ್ಧರಿಸಿದ್ದು ಸುಖಾನೋವರ ಮನೆಯಲ್ಲಿಯೇ. ಅವರ ಹೆಂಡತಿ ಆ ಪಕ್ಷದವರು, ಗಂಡ ಅಂದು ಮನೆಗೆ ಬಾರದಂತೆ ನೋಡಿಕೊಂಡಿದ್ದರು.

ಸುಖಾನೋವರ ಪುಸ್ತಕದಿಂದ ತಿಳಿಯುವ ಮುಖ್ಯ ಸಂಗತಿ ಇನ್ನೊಂದು ಪಕ್ಷದ ಹೊಣೆ. ಸೈನಿಕರು, ರೈಲು, ತಂತಿ, ಬೀದಿ ಇವೆಲ್ಲ ಸೋವಿಯತ್ತಿನ ಮಾತು ಕೇಳುತ್ತಿದ್ದವು. ಆದರೆ ಮೊದಲ ಎರಡು ತಿಂಗಳು ಅದರ ನಾಯಕರು ಸರ್ಕಾರದಲ್ಲಿ ಕೂರಲು ಒಪ್ಪಲಿಲ್ಲ. ಎಲ್ಲಿಯವರೆಗೆ ಸರಿಯಾಗಿ ನಡೆಯುವುದೋ ಅಲ್ಲಿಯವರೆಗೆ ಬೆಂಬಲ ಎಂಬುದು ಅವರ ಸೂತ್ರ. ಬೀಗದ ಕೈ ತಮ್ಮ ಸೊಂಟದಲ್ಲಿ, ಸಹಿ ಮಾತ್ರ ಇನ್ನೊಬ್ಬರದು. ಕೆರೆನ್ಸ್ಕಿಯವರ ಸಂಗ್ರಹದಲ್ಲಿ ದೂರು ಕಹಿಯಾಗಿದ್ದರೂ ಈ ಒಂದು ವಿಷಯದಲ್ಲಿ ನ್ಯಾಯ ಅವರ ಕಡೆಗಿದೆ. ತಾನು ಆ ವ್ಯವಸ್ಥೆಯ ಶಿಲ್ಪಿಗಳಲ್ಲೊಬ್ಬನೆಂಬುದನ್ನು ಸುಖಾನೋವ್ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆಯೇ ಹೊರತು ಅದರ ಬಿರುಕಿಗೆ ಹೊಣೆಯಾಗುವುದಿಲ್ಲ. ಮುಂದೆ 1931ರಲ್ಲಿ ಅವರು ವಿಚಾರಣೆಗೆ ಗುರಿಯಾಗಿ, 1940ರಲ್ಲಿ ಗುಂಡಿಗೆ ಬಲಿಯಾದುದನ್ನು ನೆನೆದಾಗ ಈ ಮಾತನ್ನು ಗಟ್ಟಿಯಾಗಿ ಹೇಳಲು ಮನಸ್ಸು ಹಿಂಜರಿಯುತ್ತದೆ. ಆದರೂ ಹೇಳಬೇಕಾದ ಮಾತೇ.

ಮೂರನೆಯ ಸಾಕ್ಷಿ ನಬೋಕೋವ್. ಪ್ರಸಿದ್ಧ ಕಾದಂಬರಿಕಾರನ ತಂದೆಯಾದ ಇವರು ಸರ್ಕಾರದ ಕಾರ್ಯಾಲಯದ ಮುಖ್ಯಸ್ಥರಾಗಿದ್ದರು. 1922ರಲ್ಲಿ ಬರ್ಲಿನ್ನಿನಲ್ಲಿ, ಮಾಜಿ ವಿದೇಶಮಂತ್ರಿ ಮಿಲ್ಯುಕೋವರ ಮೇಲೆ ಗುಂಡು ಹಾರಿಸಿದವನನ್ನು ತಡೆಯಹೋಗಿ ಪ್ರಾಣ ತೆತ್ತರು. ಅವರ ನೆನಪಿನ ಬರಹ ಚಿಕ್ಕದು, ಹರಿತವಾದುದು, ಸಹೋದ್ಯೋಗಿಗಳ ಬಗ್ಗೆ ದಾಕ್ಷಿಣ್ಯವಿಲ್ಲದ್ದು. ಅದರಲ್ಲಿ ಒಂದು ಮಾತು ಓದುಗನನ್ನು ತಡೆದು ನಿಲ್ಲಿಸುತ್ತದೆ: ಸರ್ಕಾರಕ್ಕೆ ನಿಜವಾದ ಬಲವಿದ್ದಿದ್ದರೆ ಯುದ್ಧ ಮುಗಿದ ಮೇಲೆಯೇ ಸಂವಿಧಾನ ಸಭೆ ಎಂದು ಮೊದಲೇ ಸಾರಬೇಕಾಗಿತ್ತು, ಅದೇ ಸರಿಯಾದ ದಾರಿಯಾಗುತ್ತಿತ್ತು ಎಂಬ ಅರ್ಥದ ಅಭಿಪ್ರಾಯ. ಸಾಧ್ಯವಾದಷ್ಟು ಬೇಗ ಎಂಬ ಷರತ್ತನ್ನು ಮಗುವಿನ ಮೇಜಿನ ಮುಂದೆ ಕುಳಿತು ಬರೆದವರಲ್ಲಿ ಇವರೇ ಒಬ್ಬರು! ನ್ಯಾಸಪತ್ರ ಬರೆದವನಿಗೇ ಅದರ ವಾಯಿದೆಯಲ್ಲಿ ನಂಬಿಕೆಯಿರಲಿಲ್ಲವೆಂದ ಮೇಲೆ, ವಿಳಂಬವನ್ನು ಕೇವಲ ಆಡಳಿತದ ನಿಧಾನವೆಂದು ತಳ್ಳಿಹಾಕಲಾಗದು.

ವಿಳಂಬಕ್ಕೆ ಕಾರಣಗಳಿದ್ದವು. ವಿಶೇಷ ಮಂಡಳಿಯ ಅಧ್ಯಕ್ಷರಾದ ಫ್ಯೋದೋರ್ ಕೊಕೋಷ್ಕಿನ್ ಘನ ವಿದ್ವಾಂಸರು. ದೋಷವಿಲ್ಲದ ಕಾನೂನು ಬೇಕೆಂಬುದು ಅವರ ಹಂಬಲ. ಮತದಾರರ ಪಟ್ಟಿ ಮಾಡಬೇಕಾದರೆ ಮೊದಲು ಹಳ್ಳಿಹಳ್ಳಿಗಳಲ್ಲಿ ಹೊಸ ಸ್ಥಳೀಯ ಸಂಸ್ಥೆಗಳು ಚುನಾಯಿತವಾಗಬೇಕು; ಕೋಟಿಗಟ್ಟಲೆ ಜನ, ಓದುಬರಹ ಬಾರದವರೇ ಬಹಳ; ಸೈನಿಕರು ಕಂದಕಗಳಲ್ಲಿ. ಆಗಸ್ಟ್ 9ರಂದು ಸರ್ಕಾರ ವಾಯಿದೆಯನ್ನು ಮುರಿದು ಚುನಾವಣೆಯನ್ನು ನವೆಂಬರ್ 12ಕ್ಕೆ, ಸಭೆಯನ್ನು ನವೆಂಬರ್ 28ಕ್ಕೆ ಮುಂದೂಡಿತು. ಯುದ್ಧದ ನಡುವೆ ಚುನಾವಣೆ ಅಸಾಧ್ಯವಾಗಿತ್ತೆಂದು ಆ ಸರ್ಕಾರದ ಪಕ್ಷಪಾತಿಗಳು ವಾದಿಸುವುದುಂಟು. ಈ ವಾದಕ್ಕೆ ಉತ್ತರ ಚರಿತ್ರೆಯೇ ಕೊಟ್ಟಿದೆ. ಸರ್ಕಾರ ಬಿದ್ದುಹೋದ ಮೇಲೆ, ಯುದ್ಧ ಇನ್ನೂ ಮುಗಿಯದಿರುವಾಗ, ರಾಜಧಾನಿಯಲ್ಲಿ ಅಧಿಕಾರ ಬೋಲ್ಶೆವಿಕರ ಕೈಯಲ್ಲಿರುವಾಗ, ಕೊಕೋಷ್ಕಿನ್ ಮಂಡಳಿಯ ಕಾನೂನಿನ ಪ್ರಕಾರವೇ ಅದೇ ನವೆಂಬರ್ 12ರಿಂದ ಚುನಾವಣೆ ನಡೆಯಿತು. ನಾಲ್ಕು ಕೋಟಿಗೂ ಹೆಚ್ಚು ಜನ ಮತ ಹಾಕಿದರು. ರೈತರ ಪಕ್ಷವಾದ ಸಮಾಜವಾದಿ ಕ್ರಾಂತಿಕಾರಿಗಳಿಗೆ ನೂರಕ್ಕೆ ಸುಮಾರು 40, ಬೋಲ್ಶೆವಿಕರಿಗೆ ಸುಮಾರು 24 ಮತಗಳು ಬಂದವು. ಅಷ್ಟು ಕೆಟ್ಟ ಸ್ಥಿತಿಯಲ್ಲಿ ಆದದ್ದು ಸೆಪ್ಟೆಂಬರಿನಲ್ಲಿ ಆಗದೆಂದು ಹೇಗೆ ನಂಬುವುದು?

ಜರ್ಮನಿಯ ಉದಾಹರಣೆಯನ್ನು ಕೆಲವರು ಕೊಡುತ್ತಾರೆ. ಅಲ್ಲಿ 1918ರ ನವೆಂಬರ್ 9ರಂದು ಕ್ರಾಂತಿಯಾಗಿ, 1919ರ ಜನವರಿ 19ಕ್ಕೆ, ಅಂದರೆ ಹತ್ತು ವಾರಗಳಲ್ಲಿ, ಹೆಂಗಸರೂ ಮತ ಹಾಕಿದ ಚುನಾವಣೆ ಮುಗಿದಿತ್ತು. ಹೋಲಿಕೆ ಪೂರ್ತಿ ನ್ಯಾಯವಲ್ಲ. ಅಲ್ಲಿ ಯುದ್ಧ ನಿಂತಿತ್ತು, ಸಾಕ್ಷರತೆ ಹೆಚ್ಚಿತ್ತು, ಬರ್ಲಿನ್ನಿನ ಬೀದಿಗಳಲ್ಲಿ ರಕ್ತವೂ ಹರಿದಿತ್ತು. ಸೆಪ್ಟೆಂಬರಿನಲ್ಲೇ ಸಭೆ ಸೇರಿದ್ದರೆ ರಷ್ಯ ಉಳಿಯುತ್ತಿತ್ತೆಂದು ಪ್ರಮಾಣ ಮಾಡಿ ಹೇಳುವವರಾರೂ ಇಲ್ಲ. ಆದರೆ ಕೊಟ್ಟ ವಾಯಿದೆಗೆ ಗಂಟನ್ನು ಒಪ್ಪಿಸಿದವನು, ಮುಂದೆ ಆ ಗಂಟಿಗೆ ಏನೇ ಆದರೂ, ತನ್ನ ಲೆಕ್ಕವನ್ನು ತಲೆಯೆತ್ತಿ ತೋರಿಸಬಲ್ಲ. ಕೆರೆನ್ಸ್ಕಿಯವರು 1919ರಲ್ಲಿ ಕೊರ್ನೀಲೋವ್ ಪ್ರಕರಣದ ಮೇಲೆಯೇ ಒಂದು ಪುಸ್ತಕ ಬರೆದರು, 1927ರಲ್ಲಿ ಇನ್ನೊಂದು, 1965ರಲ್ಲಿ ಮತ್ತೊಂದು. ಬಲಪಂಥದ ದ್ರೋಹ, ಎಡಪಂಥದ ದ್ರೋಹ ಎರಡನ್ನೂ ಬಿಡಿಬಿಡಿಯಾಗಿ ಬಣ್ಣಿಸಿದರು. ಆಗಸ್ಟ್ 9ರ ಮುಂದೂಡಿಕೆಯೂ ದ್ರೋಹವೇ ಆಗಿರಬಹುದೆಂಬ ಶಂಕೆ ಅವರ ಬರಹಗಳಲ್ಲಿ ಭಾರವಾಗಿ ಕಾಣುವುದಿಲ್ಲ.

ಮೂರು ಸಂಪುಟಗಳ ಸಂಗ್ರಹವು ಅಕ್ಟೋಬರಿಗೆ ಮುಗಿಯುವುದರಿಂದ ಲೆಕ್ಕದ ಕೊನೆಯ ದಾಖಲೆಗಳು ಅದರಲ್ಲಿಲ್ಲ. ನವೆಂಬರ್ 28ರಂದು, ಸರ್ಕಾರ ತಾನೇ ಗೊತ್ತುಮಾಡಿದ್ದ ಆರಂಭದ ದಿನದಂದೇ, ಕೊಕೋಷ್ಕಿನರನ್ನೂ ಮಾಜಿ ಮಂತ್ರಿ ಷಿಂಗಾರ್ಯೋವರನ್ನೂ ಬಂಧಿಸಲಾಯಿತು. 1918ರ ಜನವರಿಯಲ್ಲಿ, ಸಭೆಯ ವಿಸರ್ಜನೆಯಾದ ಬೆನ್ನಿಗೇ, ಇಬ್ಬರನ್ನೂ ಪೆತ್ರೋಗ್ರಾದ್‌ನ ಆಸ್ಪತ್ರೆಯೊಂದರ ಹಾಸಿಗೆಯಲ್ಲಿಯೇ ನಾವಿಕರು ಕೊಂದರು. ಆ ಸಭೆ ಸೇರಿದ್ದು ಜನವರಿ 5ರಂದು ತವ್ರೀದ ಅರಮನೆಯಲ್ಲಿ, ಒಂದೇ ರಾತ್ರಿ. ಅಧ್ಯಕ್ಷಪೀಠದಲ್ಲಿ ಕುಳಿತಿದ್ದವರು ಹಿಂದಿನ ಕೃಷಿಮಂತ್ರಿ ಚೆರ್ನೋವ್. ಬೆಳಗಿನ ಜಾವ ಕಾವಲಿನ ನಾವಿಕನೊಬ್ಬ ವೇದಿಕೆಗೆ ಬಂದು, ಕಾವಲುಗಾರರು ದಣಿದಿದ್ದಾರೆ, ಎಲ್ಲರೂ ಹೊರಡಬೇಕೆಂದ. ಅವನು ಪಕ್ಕದಲ್ಲಿ ನಿಂತಿರುವಂತೆಯೇ ಚೆರ್ನೋವ್ ಅವಸರದಿಂದ ಜಮೀನಿನ ಕಾನೂನನ್ನು ಓದಿದರು; ಎಂಟು ತಿಂಗಳು ಸಂವಿಧಾನ ಸಭೆಗೆಂದು ತೆಗೆದಿರಿಸಿದ್ದ ಪ್ರಶ್ನೆಯನ್ನು ಸಭೆ ಕೆಲವೇ ನಿಮಿಷಗಳಲ್ಲಿ ಚರ್ಚೆಯಿಲ್ಲದೆ ಅಂಗೀಕರಿಸಿತು. ಮರುದಿನ ಬಂದ ಸದಸ್ಯರು ಬಾಗಿಲು ಮುಚ್ಚಿರುವುದನ್ನು ಕಂಡರು.